ಕೂಸು ಕಟ್ಟಿಕೊಂಡು ವಾಟರ್ ಪಾರ್ಕಿಗೆ ಹೊರಟರೆ ಒಬ್ಬರು ಒಣಗಿರಲೇಬೇಕು

ಹಿಂದಿನ ರಾತ್ರಿಯೇ ತೀರ್ಮಾನ ಆಗಬೇಕಾದ ವಿಷಯ ಒಂದಿದೆ. ನಾಳೆ ನೀರಿಗೆ ಇಳಿಯದವರು ಯಾರು? ಟಿಕೆಟ್, ಊಟ, ಲಾಕರ್ ಎಲ್ಲ ಆಮೇಲೆ. ಕೂಸು ಇರುವ ಮನೆಯವರು ವಾಟರ್ ಪಾರ್ಕಿಗೆ ಹೋದರೆ ದೊಡ್ಡವರಲ್ಲಿ ಒಬ್ಬರು ಸದಾ ಒಣಬಟ್ಟೆಯಲ್ಲಿ, ನೆರಳಲ್ಲಿ, ಕೈ ಖಾಲಿ ಇಟ್ಟುಕೊಂಡು ಇರಬೇಕು. ಒದ್ದೆ ಮೈಯಲ್ಲಿ ಕೂಸನ್ನು ಮಲಗಿಸಲು ಆಗುವುದಿಲ್ಲ, ಜಾರುವ ನೆಲದ ಮೇಲೆ ಎತ್ತಿಕೊಂಡು ಓಡಾಡಲೂ ಭಯ.

ಬೇಸಿಗೆ ರಜೆಗೆ ಮಂಡ್ಯದಿಂದ ನಮ್ಮಕ್ಕ, ಭಾವ, ಅವರ ಹೈಸ್ಕೂಲ್ ಹುಡುಗರಿಬ್ಬರು ಮೈಸೂರು ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದರೆ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿನ ಮಾತು ಏಳದೆ ಇರುವುದಿಲ್ಲ. ನನ್ನ ದೊಡ್ಡವನಿಗೆ ಎರಡೂವರೆ ವರ್ಷ, ಚಿಕ್ಕವಳಿಗೆ ಒಂಬತ್ತು ತಿಂಗಳು. ಒಣಗಿರುವುದಕ್ಕೆ ನಮ್ಮಲ್ಲಿ ಪಾಳಿ ಇದೆ: ಬೆಳಿಗ್ಗೆ ನಾನು, ಊಟಕ್ಕೆ ಮುಂಚೆ ನಮ್ಮನೆಯವರು, ಆಮೇಲೆ ಅಕ್ಕ. ಅತ್ತೆಯವರೂ ಬರುತ್ತಾರೆ, ಆದರೆ ಪಾಳಿಯನ್ನು ಅವರ ತಲೆಗೆ ಕಟ್ಟುವುದಿಲ್ಲ. ಅಜ್ಜಿ ಇದ್ದಾರಲ್ಲ ಅಂತ ಕೂಸನ್ನು ಅವರ ಮಡಿಲಿಗೆ ಹಾಕಿ ಎಲ್ಲರೂ ನೀರಿಗೆ ಓಡುವುದು ನನಗೆ ಸರಿ ಕಾಣುವುದಿಲ್ಲ. ಅವರೂ ಸುತ್ತಾಡಲೆಂದೇ ಬಂದವರು.

ಮಗು ಕೈ ಬದಲಾಗುವಾಗ ಬಾಯಿಬಿಟ್ಟು ಹೇಳಿ. "ಅಕ್ಕ, ಪುಟ್ಟ ಈಗ ನಿನ್ನ ಕೈಲಿ" ಅಂತ ನಾನು ಹೇಳಬೇಕು, "ಹ್ಞೂಂ ಕಣೇ, ನನ್ನ ಕೈಲಿ" ಅಂತ ಅವಳು ಹೇಳಬೇಕು. ಅಲ್ಲಿವರೆಗೆ ನಾನು ಕಣ್ಣು ತೆಗೆಯುವುದಿಲ್ಲ. ಇಷ್ಟು ಜನ ಇದ್ದೀವಿ, ಯಾರಾದರೂ ನೋಡುತ್ತಿರುತ್ತಾರೆ ಅನ್ನುವ ಧೈರ್ಯವೇ ಅಪಾಯ. ಪುಟ್ಟ ಮಕ್ಕಳು ಮುಳುಗುವಾಗ ಕೂಗಿ ಕರೆಯುವುದಿಲ್ಲ, ಸದ್ದೇ ಇರುವುದಿಲ್ಲ. ಗೇಣುದ್ದ ನೀರು ಸಾಕು. ತೋಳಿಗೆ ಹಾಕುವ ಗಾಳಿ ಚೀಲಗಳನ್ನು ನಂಬಿ ಕೈ ಬಿಡಬೇಡಿ, ಅವು ಆಟದ ಸಾಮಾನು.

ಆರು ತಿಂಗಳ ಒಳಗಿನ ಕೂಸಾದರೆ ವಾಟರ್ ಪಾರ್ಕೇ ಬೇಡ ಅನ್ನುತ್ತೇನೆ. ಆ ವಯಸ್ಸಿಗೆ ಮೈಶಾಖವನ್ನು ಹದದಲ್ಲಿಟ್ಟುಕೊಳ್ಳುವ ಶಕ್ತಿ ಇನ್ನೂ ಸರಿಯಾಗಿ ಬಂದಿರುವುದಿಲ್ಲ, ಸನ್‌ಸ್ಕ್ರೀನ್ ಕೂಡ ಹಚ್ಚಬಾರದು ಅನ್ನುತ್ತಾರೆ ಡಾಕ್ಟರುಗಳು. ಅಂಥ ಕೂಸಿರುವವರಿಗೆ ನಮ್ಮ ಮೃಗಾಲಯವೇ ಚೆಂದ. 1892ರಿಂದ ಇರುವ ಜಾಗ, ತುಂಬಾ ಮರ, ನಡೆಯಲಾಗದಿದ್ದರೆ ಬ್ಯಾಟರಿ ಗಾಡಿ. ಮಂಗಳವಾರ ಮಾತ್ರ ರಜೆ.

ಮಂಡ್ಯ ಕಡೆಯವರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ. ಮಗು ಕೂರಿಸಿಕೊಂಡು ಸರ್ವಿಸ್ ರಸ್ತೆಯಲ್ಲಿ ಬರುವುದಕ್ಕಿಂತ ರೈಲೇ ವಾಸಿ.

ಬಟ್ಟೆ ವಿಷಯ. ಕೊಳಕ್ಕೆ ನೈಲಾನ್ ಬಟ್ಟೆಯೇ ಬೇಕು, ಕಾಟನ್ ಹಾಕಿದರೆ ಇಳಿಸುವುದಿಲ್ಲ. ಬಾಡಿಗೆಯದನ್ನು ನೆಚ್ಚಿಕೊಳ್ಳದೆ ಮಕ್ಕಳಿಗೆ ಮೊದಲೇ ದೇವರಾಜ ಅರಸು ರಸ್ತೆಯಲ್ಲಿ ತುಂಬುತೋಳಿನದು ನೋಡಿ ತನ್ನಿ, ಬಿಸಿಲಿಗೂ ಆಯಿತು. ಮಾಮೂಲಿ ಡೈಪರ್ ನೀರು ಕುಡಿದು ಸೇರು ತೂಕ ಆಗುತ್ತದೆ, ಒಡೆದು ಅಂಟು ಹೊರಗೆ ಬರುತ್ತದೆ. ಸ್ವಿಮ್ ಡೈಪರ್ ಅಂತಲೇ ಕೇಳಿ ತನ್ನಿ. ಅದು ಉಚ್ಚೆ ತಡೆಯುವುದಿಲ್ಲ, ಕಕ್ಕ ಮಾತ್ರ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಗಾಗ ಇಣುಕಿ ನೋಡಿ; ಬದಲಾಯಿಸುವುದು ರೂಮಿನಲ್ಲಿ, ಕೊಳದ ಕಟ್ಟೆ ಮೇಲಲ್ಲ. ಭೇದಿ ಆಗುತ್ತಿರುವ ಮಗುವನ್ನು ದಯವಿಟ್ಟು ನೀರಿಗೆ ಇಳಿಸಬೇಡಿ, ನಿಂತು ಎರಡು ವಾರ ಆಗುವವರೆಗೂ ಬೇಡ. ಕ್ಲೋರಿನ್ ನೀರಲ್ಲೂ ದಿನಗಟ್ಟಲೆ ಬದುಕುವ ರೋಗಾಣುಗಳಿವೆ. ಬೇರೆಯವರ ಮಕ್ಕಳೂ ಅದೇ ನೀರು ಕುಡಿಯುತ್ತವೆ.

ಊಟಕ್ಕೆ ನಾನು ಒಯ್ಯುವುದು ಚಿಕ್ಕವಳಿಗೆ ಫ್ಲಾಸ್ಕಿನಲ್ಲಿ ರಾಗಿ ಸರಿ, ದೊಡ್ಡವನಿಗೆ ಮೊಸರನ್ನ, ಬಾಳೆಹಣ್ಣು. ಇಂಥ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಹೊರಗಿನ ಊಟ ಬಿಡುವುದಿಲ್ಲ, ಅದಕ್ಕೇ ಕೂಸಿನ ಊಟಕ್ಕೆ ಏನು ಅನ್ನುವುದನ್ನು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ಎದೆಹಾಲು ಕುಡಿಯುವ ಕೂಸಿಗೆ ಬಿಸಿಲಲ್ಲಿ ಹೆಚ್ಚು ಸಲ ಹಾಲು ಕೊಡಿ, ನೀವೂ ನೀರು ಕುಡಿಯುತ್ತಿರಿ.

ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಅದೂ ವಾರದ ದಿನ. ಮೊದಲ ಎರಡು ಗಂಟೆ ಪುಟ್ಟ ಮಕ್ಕಳದು. ಮಕ್ಕಳ ಕೊಳದಲ್ಲಿ ಆಗ ಜನ ಕಡಿಮೆ, ನೆಲವೂ ಕಾದಿರುವುದಿಲ್ಲ. ಬಿಸಿಲೇರಿದ ಮೇಲೆ ನೀವೇ ಬರಿಗಾಲಲ್ಲಿ ನಿಂತು ನೋಡಿ. ನಿಮ್ಮ ಕಾಲಿಗೆ ಚುರ್ ಅಂದರೆ ಮಗುವಿನ ಅಂಗಾಲು ಬೊಬ್ಬೆ ಏಳುತ್ತದೆ. ನೀರಲ್ಲೂ ಕಳಚದ ರಬ್ಬರ್ ಚಪ್ಪಲಿ ಹಾಕಿ.

ಅಲೆ ಕೊಳದ ಅಂಚಲ್ಲಿ ಮಗುವನ್ನು ಕೂರಿಸುವವರು ಗಮನಿಸಬೇಕಾದ್ದು ಅಲೆ ಹಿಂದೆ ಸರಿಯುವ ಹೊತ್ತನ್ನು. ಬರುವ ಅಲೆಯನ್ನು ಎಲ್ಲರೂ ನೋಡುತ್ತಾರೆ, ಮಗುವೂ ಕೇಕೆ ಹಾಕುತ್ತದೆ. ವಾಪಸ್ ಹೋಗುವ ನೀರು ಇಳಿಜಾರಲ್ಲಿ ಕೂತ ಮಗುವಿನ ಕುಂಡೆಯನ್ನು ಮೆಲ್ಲಗೆ ಒಳಕ್ಕೆ ಎಳೆಯುತ್ತದೆ. ಎದುರಲ್ಲಿ ನಿಲ್ಲಬೇಡಿ, ಮಗುವಿನ ಬೆನ್ನ ಹಿಂದೆ ಕೂತು ನಿಮ್ಮ ಎರಡು ಕಾಲುಗಳ ನಡುವೆ ಇಟ್ಟುಕೊಳ್ಳಿ. ಅಲೆ ಶುರುವಾಗುತ್ತದೆ ಅನ್ನುವ ಸೈರನ್ ಕೇಳಿದ ತಕ್ಷಣ ನಮ್ಮವನನ್ನು ನಾನು ಎತ್ತಿಕೊಂಡೇ ಬಿಡುತ್ತೇನೆ, ಅತ್ತರೂ ಸರಿ.

ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ನೀರಲ್ಲಿ ಆಡಿದರೆ ಧಾರಾಳ. ತುಟಿ ನೀಲಿ ತಿರುಗಿದರೆ, ಗದ್ದ ನಡುಗಿದರೆ "ಇನ್ನೊಂಚೂರು ಅಮ್ಮ" ಅಂದರೂ ಕೇಳಬೇಡಿ. ಟವೆಲ್ ಸುತ್ತಿ, ಒಣಬಟ್ಟೆ ಹಾಕಿ, ಏನಾದರೂ ತಿನ್ನಿಸಿ.

ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ. ಹಾಡು ಹಾಕುವ ಸ್ಪೀಕರುಗಳಿಂದ ದೂರದ ಮರದಡಿ ಹಳೇ ಹತ್ತಿ ಸೀರೆ ಹಾಸಿ ಮಲಗಿಸಿ. ತಳ್ಳುಗಾಡಿಯಲ್ಲಿ ಮಲಗಿಸಿದರೆ ಬಿಸಿಲು ಅಂತ ಮೇಲೆ ಬಟ್ಟೆ ಮುಚ್ಚಬೇಡಿ. ಗಾಳಿಯಾಡದೆ ಒಳಗೆ ಧಗೆ ಕಟ್ಟುತ್ತದೆ. ಕತ್ತಿನ ಹಿಂಭಾಗ ಮುಟ್ಟಿ ನೋಡುತ್ತಿರಿ. ಸುಡುತ್ತಿದ್ದರೆ ಬಟ್ಟೆ ಸಡಿಲಿಸಿ ಗಾಳಿ ಬೀಸಿ. ಕೂಸು ಮಂಕಾಗಿದ್ದರೆ, ಹಾಲು ಬೇಡ ಅಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ದೊಡ್ಡ ಹುಡುಗರು ಕೊನೆಯವರೆಗೂ ಇರುತ್ತೇವೆ ಅನ್ನುತ್ತಾರೆ, ಇರಲಿ. ಭಾವ ಅವರ ಜೊತೆ ಉಳಿಯುತ್ತಾರೆ. ಮೂರೂವರೆಗೆ ನಾವು ಪುಟ್ಟ ಮಕ್ಕಳನ್ನು ಒಳ್ಳೆ ನೀರಲ್ಲಿ ತೊಳೆದು, ಕಿವಿ ಒರೆಸಿ, ಹೊಟ್ಟೆ ತುಂಬಿಸಿ ಹೊರಟುಬಿಡುತ್ತೇವೆ. ಅದೇ ರಸ್ತೆ ಅಲ್ಲವಾ, ಹಾಗೇ ಬೃಂದಾವನದ ಕಾರಂಜಿಯನ್ನೂ ನೋಡಿಕೊಂಡು ಬರೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದು ಕತ್ತಲಾದ ಮೇಲಿನ ಆಟ. ಮಕ್ಕಳು ನಿದ್ದೆಗಣ್ಣಲ್ಲಿರುತ್ತವೆ. ಅದಕ್ಕೆ ಬೇರೊಂದು ದಿನ ಇಟ್ಟುಕೊಳ್ಳಿ.