ಒಂಬತ್ತು ಅವಕಾಶಗಳ ಹತ್ತನೆಯ ತರಗತಿ

ಶಿರಸಿ ಸೀಮೆಯ ನಮ್ಮ ಹಳ್ಳಿಯಿಂದ ಮಗಳು ಎಂಟನೆಯ ತರಗತಿಯವರೆಗೂ ಬಸ್ಸಿನಲ್ಲಿ ಶಾಲೆಗೆ ಹೋಗಿಬಂದಳು. ಅವಳಿಗೆ ಉಬ್ಬಸ. ಮಳೆಗಾಲದಲ್ಲಿ ವಾರಗಟ್ಟಲೆ ಮಲಗಿ, ಸುಧಾರಿಸಿಕೊಂಡು ಶಾಲೆಗೆ ಮರಳುವಷ್ಟರಲ್ಲಿ ಗಣಿತ ಎರಡು ಅಧ್ಯಾಯ ಮುಂದೆ ಸಾಗಿರುತ್ತಿತ್ತು. ಹದಿನಾಲ್ಕು ತುಂಬಿದ ಮೇಲೆ ಅವಳನ್ನು, ಶಾಲೆಗೆ ಹೋಗದೆಯೇ ಓದಿ ಪರೀಕ್ಷೆ ಬರೆಯಲು ಅವಕಾಶವಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ (ಎನ್‌ಐಒಎಸ್) ಹತ್ತನೆಯ ತರಗತಿಗೆ ಸೇರಿಸಿ, ಮನೆಯಲ್ಲಿಯೇ ಆನ್‌ಲೈನ್ ಪಾಠ ಆರಂಭಿಸಿದೆವು.

ಮೊದಲು ನಾನು ಮಾಡಿದ ತಪ್ಪೆಂದರೆ, ಒಂಬತ್ತರಿಂದ ನಾಲ್ಕರವರೆಗೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ, ಶಾಲೆಯನ್ನೇ ಜಗಲಿಗೆ ತಂದು ಕೂರಿಸಿದ್ದು. ಮೂರು ವಾರಗಳಲ್ಲಿ ಇಬ್ಬರೂ ಸೋತೆವು. ಆಮೇಲೆ ಉಸಿರು ಹಗುರವಾಗಿರುವ ಬೆಳಗಿನ ಹೊತ್ತನ್ನು ಗಣಿತಕ್ಕೆ ಇಟ್ಟು, ಉಬ್ಬಸ ಕಾಡಿದ ದಿನ ಮಲಗಿಯೇ ಸಮಾಜ ವಿಜ್ಞಾನದ ಪಾಠ ಕೇಳುವುದೆಂದು ಗೊತ್ತುಮಾಡಿಕೊಂಡೆವು. ಸಿಗ್ನಲ್ ಸಿಗುತ್ತಿದ್ದುದು ಅಂಗಳದಾಚೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಹಾಗಾಗಿ ರಾತ್ರಿ ಅಲ್ಲಿ ನಿಂತು ವಿಡಿಯೋ ಇಳಿಸಿಕೊಳ್ಳುವುದು ನನ್ನ ಪಾಲಿನ ಕೆಲಸವಾಯಿತು.

ನಾವು ಆಯ್ದುಕೊಂಡದ್ದು ಇಂಗ್ಲಿಷ್ ಮಾಧ್ಯಮ. ಅರ್ಥವಾಗದ ಗಣಿತವನ್ನು ಅವಳು ಮೊದಲು ಶಾಲಾ ಪಾಠಗಳಿರುವ ಸರ್ಕಾರಿ ದೀಕ್ಷಾ ಆ್ಯಪ್‌ನಲ್ಲಿ ಕನ್ನಡದಲ್ಲಿ ಕೇಳಿ, ಬಳಿಕ ಇಂಗ್ಲಿಷ್ ಪುಸ್ತಕದ ಲೆಕ್ಕಕ್ಕೆ ಕೈಹಾಕುತ್ತಿದ್ದಳು. ತ್ರಿಕೋನಮಿತಿಯ ಒಂದೇ ಪಾಠವನ್ನು ಏಳು ಬಾರಿ ನೋಡಿದ್ದನ್ನು ನಾನೇ ಎಣಿಸಿದ್ದೇನೆ. ತರಗತಿಯಲ್ಲಿ ಎರಡನೆಯ ಸಲ ಕೈಯೆತ್ತಲು ನಾಚುತ್ತಿದ್ದ ಹುಡುಗಿಗೆ, ಎಷ್ಟು ಸಲ ಕೇಳಿದರೂ ಬೇಸರಿಸದ ಪಾಠ ಸಿಕ್ಕಿದ್ದೇ ಈ ಕ್ರಮದ ದೊಡ್ಡ ಲಾಭ ಎಂಬುದು ನನ್ನ ಎಣಿಕೆ.

ಪರೀಕ್ಷೆಯ ವ್ಯವಸ್ಥೆಯೂ ಇದಕ್ಕೆ ಒಗ್ಗುವಂತಿತ್ತು. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಆ ಅವಧಿಯಲ್ಲಿ ಪರೀಕ್ಷೆ ಬರೆಯಲು ಒಂಬತ್ತು ಅವಕಾಶಗಳಿವೆ. ಅವಳು ಏಪ್ರಿಲ್‌ನಲ್ಲಿ ಮೂರು ವಿಷಯ ಬರೆದು, ಗಣಿತ ಮತ್ತು ವಿಜ್ಞಾನವನ್ನು ಅಕ್ಟೋಬರ್‌ಗೆ ಉಳಿಸಿಕೊಂಡಳು. ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜನೆಗಳಿಗೆ ಶೇಕಡ 20 ಅಂಕಗಳಿರುವುದರಿಂದ ಅವನ್ನು ಕಡೆಗಣಿಸುವಂತಿಲ್ಲ.

ಪ್ರಯೋಗಗಳಿಗೆ ಮಾತ್ರ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕಾಯಿತು. ದ್ರವ ಅಳೆಯುವ ಪಿಪೆಟ್ ಹಿಡಿಯುವುದನ್ನು ಪರದೆ ನೋಡಿ ಕಲಿಯಲಾಗದು. ಗೆಳತಿಯರ ವಿಷಯವನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಆರನೆಯ ತಿಂಗಳಲ್ಲಿ ಅವಳೇ ಹಟ ಹಿಡಿದು, ಸಂಜೆ ಥ್ರೋಬಾಲ್ ಆಡುವ ಹಳೆಯ ಸಹಪಾಠಿಗಳ ಗುಂಪಿಗೆ ಸೇರಿಕೊಂಡಳು. ಅಂಗಳ ದಾಟುವಾಗ ಇನ್‌ಹೇಲರ್ ನೆನಪಿಸುವುದಷ್ಟೇ ನನ್ನ ಪಾಲಿಗೆ ಉಳಿಯಿತು.