ಕೈ ಪಳಗುವುದು ಹೇಗೆ? ಚಲನ ಕೌಶಲಗಳ ಅಭ್ಯಾಸಕ್ಕೊಂದು ಕ್ರಮ

ಈಜು, ಟೈಪಿಂಗ್, ಪಿಟೀಲು, ಬೌಲಿಂಗ್, ಹೊಲಿಗೆ, ಶಸ್ತ್ರವೈದ್ಯರು ದಾರಕ್ಕೆ ಹಾಕುವ ಗಂಟು – ಇಂಥ ಯಾವುದನ್ನೇ ಕಲಿಯುವವರು ತಮ್ಮ ಪ್ರಗತಿಯನ್ನು ಅಳೆಯಲು ಸಾಮಾನ್ಯವಾಗಿ ನೋಡುವುದು ಒಂದನ್ನೇ: ಇಂದಿನ ಅಭ್ಯಾಸ ಮುಗಿಯುವ ಹೊತ್ತಿಗೆ ಕೈ ಎಷ್ಟು ಸಲೀಸಾಗಿ ಓಡುತ್ತಿತ್ತು ಎಂಬುದನ್ನು. ಈ ಅಳತೆಯನ್ನು ನಂಬುವಂತಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಕಾಣುವ ಸುಧಾರಣೆ ಬೇರೆ, ಮೈಗೂಡಿ ಉಳಿಯುವ ಕಲಿಕೆ ಬೇರೆ. ಅಭ್ಯಾಸವನ್ನು ಹಗುರವೂ ಹಿತವೂ ಆಗಿಸುವ ಎಷ್ಟೋ ಕ್ರಮಗಳು ಕಲಿಕೆಯನ್ನು ತೆಳುವಾಗಿಸುತ್ತವೆ. ಅಭ್ಯಾಸದಲ್ಲಿ ಎಡವುವಂತೆ ಮಾಡುವ ಕೆಲವು ಕ್ರಮಗಳು ಅದನ್ನು ಗಟ್ಟಿಗೊಳಿಸುತ್ತವೆ. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡು ಅಭ್ಯಾಸವನ್ನು ಹೇಗೆ ರೂಪಿಸಬಹುದು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಕ್ರಮಕ್ಕೆ ಕೈಹಾಕುವ ಮುನ್ನ ಕೌಶಲ ಎಲ್ಲಿ ನೆಲೆಸುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಮೂರ್ಛೆರೋಗದ ಚಿಕಿತ್ಸೆಗಾಗಿ 1953ರಲ್ಲಿ ಹೆನ್ರಿ ಮೊಲೈಸನ್ ಎಂಬುವರ ಮಿದುಳಿನ ಎರಡೂ ಬದಿಗಳಲ್ಲಿ ಹೊಸ ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗವನ್ನು ತೆಗೆದುಹಾಕಲಾಯಿತು. ಆ ಬಳಿಕ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯದಾದವು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಮೊಲೈಸನ್ ಅವರಿಗೆ ಕನ್ನಡಿಯಲ್ಲಿ ಮಾತ್ರ ತಮ್ಮ ಕೈಯನ್ನು ನೋಡುತ್ತಾ ನಕ್ಷತ್ರದ ಆಕೃತಿಯನ್ನು ತಿದ್ದುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಅವರ ತಪ್ಪುಗಳು ಸ್ಪಷ್ಟವಾಗಿ ಇಳಿದವು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೆನೆಂಬುದೇ ಅವರಿಗೆ ನೆನಪಿರಲಿಲ್ಲ. ಹೀಗೆ, ‘ನನಗೆ ಗೊತ್ತು’ ಎಂಬ ಅರಿವಿನ ನೆನಪು ಒಂದು ವ್ಯವಸ್ಥೆಯದಾದರೆ ಕೈಯ ಪಳಗುವಿಕೆ ಇನ್ನೊಂದರದು. ಎರಡನೆಯದರಲ್ಲಿ, ಅಂದುಕೊಂಡ ಚಲನೆಗೂ ನಡೆದ ಚಲನೆಗೂ ನಡುವಿನ ಅಂತರವನ್ನು ಗುರುತಿಸಿ ಮುಂದಿನ ಪ್ರಯತ್ನವನ್ನು ತಿದ್ದುವ ಕಿರುಮಿದುಳಿಗೂ, ಚಲನೆಗಳನ್ನು ಆಯ್ದು ಸರಣಿಯಾಗಿ ಹೆಣೆಯುವ ಬೇಸಲ್ ಗ್ಯಾಂಗ್ಲಿಯಾಕ್ಕೂ ಪ್ರಮುಖ ಪಾತ್ರವಿದೆ. ಓದಿದ್ದರಿಂದಲೋ ಕೇಳಿದ್ದರಿಂದಲೋ ಕೈ ಪಳಗದಿರುವುದಕ್ಕೆ ಕಾರಣ ಇದೇ. ತಪ್ಪು ನಡೆಯಬೇಕು, ಅದು ಮಿದುಳಿಗೆ ತಿಳಿಯಬೇಕು, ಆಮೇಲೆ ಮತ್ತೊಂದು ಪ್ರಯತ್ನ ಆಗಬೇಕು.

ಹಂತ 1: ಅಳತೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ

ಕಲಿಯಬೇಕಾದದ್ದನ್ನು ಅಳೆಯಲು ಬರುವಂತೆ ಹೇಳಿಕೊಳ್ಳಿ. ‘ಟೈಪಿಂಗ್ ಚೆನ್ನಾಗಿ ಬರಬೇಕು’ ಎಂಬುದು ಗುರಿಯಲ್ಲ. ‘ಕೀಲಿಮಣೆ ನೋಡದೆ ಒಂದು ಪುಟವನ್ನು ಇಂತಿಷ್ಟು ತಪ್ಪುಗಳೊಳಗೆ ಮುಗಿಸಬೇಕು’ ಎಂಬುದು ಗುರಿ. ಅಳೆಯುವ ಸಮಯ ಅಭ್ಯಾಸದ ಕೊನೆಯಾಗಿರದೆ ಮುಂದಿನ ಅಭ್ಯಾಸದ ಮೊದಲ ಪ್ರಯತ್ನವಾಗಿರಲಿ. ಕೈ ಇನ್ನೂ ಬಿಸಿಯೇರದ, ಹಿಂದಿನ ಪ್ರಯತ್ನದ ನೆರಳಿಲ್ಲದ ಆ ಗಳಿಗೆಯಲ್ಲಿ ಬರುವ ಫಲಿತಾಂಶವೇ ಎಷ್ಟು ಉಳಿದಿದೆ ಎಂಬುದನ್ನು ಹೇಳುತ್ತದೆ. ಅದನ್ನೊಂದು ಪುಸ್ತಕದಲ್ಲಿ ಬರೆದಿಡಿ.

ಹಂತ 2: ಮೊದಲು ಒರಟು ರೂಪ ಬರಲಿ

ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಕೌಶಲ ಕಲಿಕೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು: ಏನು ಮಾಡಬೇಕೆಂದು ಯೋಚಿಸಿ ಮಾಡುವ ಘಟ್ಟ, ತಪ್ಪುಗಳು ಕಡಿಮೆಯಾಗಿ ಚಲನೆಗಳು ಒಂದಕ್ಕೊಂದು ಹೊಂದಿಕೊಳ್ಳುವ ಘಟ್ಟ, ಯೋಚನೆಯ ಹಂಗಿಲ್ಲದೆ ನಡೆಯುವ ಘಟ್ಟ. ಮೊದಲ ಘಟ್ಟದಲ್ಲಿ ಕಲಿಯುವವರ ತಲೆಗೆ ಹೊರೆ ಹೆಚ್ಚು. ಆದ್ದರಿಂದ ಬಲ್ಲವರು ಮಾಡುವುದನ್ನು ಎರಡು ಮೂರು ಬಾರಿ ನೋಡಿ, ಒಂದೋ ಎರಡೋ ಸೂಚನೆಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಕೂಡಲೇ ಮಾಡತೊಡಗುವುದು ಲೇಸು. ಹತ್ತು ಸೂಚನೆಗಳನ್ನು ಒಟ್ಟಿಗೆ ಕೊಡುವ ಗುರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಘಟ್ಟದಲ್ಲಿ ಶಿಷ್ಯರಿಗೆ ತೊಡಕಾಗುತ್ತಾರೆ.

ಚಲನೆಯನ್ನು ತುಂಡುಗಳಾಗಿ ಒಡೆದು ಕಲಿಯಬೇಕೇ, ಇಡಿಯಾಗಿ ಕಲಿಯಬೇಕೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಒಂದರ ನಂತರ ಒಂದಾಗಿ ಬರುವ ಬಿಡಿ ಕ್ರಿಯೆಗಳ ಸರಣಿಯನ್ನು, ಉದಾಹರಣೆಗೆ ನೃತ್ಯದ ಒಂದು ಜತಿಯನ್ನು, ಒಡೆದು ಕಲಿಯಬಹುದು. ಆದರೆ ಚೆಂಡೆಸೆತದಂತೆ ಒಂದು ಭಾಗದ ವೇಗ ಇನ್ನೊಂದಕ್ಕೆ ಹರಿದುಹೋಗುವ ಕ್ಷಿಪ್ರ ಚಲನೆಯನ್ನು ಒಡೆದರೆ ಅದರ ಲಯವೇ ಕಳೆದುಹೋಗುತ್ತದೆ. ಅದನ್ನು ಇಡಿಯಾಗಿ, ಬೇಕಿದ್ದರೆ ಹತ್ತಿರದ ಗುರಿಗೆ, ಮಾಡಬೇಕು.

ಹಂತ 3: ವೇಳೆಯನ್ನು ಹರಡಿ

ಬ್ರಿಟನ್ನಿನ ಅಂಚೆ ನೌಕರರಿಗೆ ಕೀಲಿಮಣೆ ಕಲಿಸುವ ಸಂದರ್ಭದಲ್ಲಿ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ನಡೆಸಿದ, 1978ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಒಂದು ಗುಂಪು ದಿನಕ್ಕೆ ಒಂದು ಗಂಟೆ ಮಾತ್ರ ಕಲಿತರೆ ಇನ್ನೊಂದು ಗುಂಪು ಎರಡೆರಡು ಗಂಟೆಯಂತೆ ದಿನಕ್ಕೆ ಎರಡು ಬಾರಿ ಕಲಿಯಿತು. ಉಳಿದ ಎರಡು ಗುಂಪುಗಳು ಇವುಗಳ ನಡುವಿನವು. ಕೀಲಿಮಣೆಯನ್ನು ಕಲಿಯಲು ಮೊದಲ ಗುಂಪಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು, ನಾಲ್ಕು ಗಂಟೆಯ ಗುಂಪಿಗೆ ಸುಮಾರು 50 ಗಂಟೆ ಬೇಕಾಯಿತು. ವಿಚಿತ್ರವೆಂದರೆ, ತಮ್ಮ ತರಬೇತಿಯ ಬಗ್ಗೆ ಅತಿ ಕಡಿಮೆ ತೃಪ್ತಿ ಇದ್ದದ್ದು ದಿನಕ್ಕೆ ಒಂದು ಗಂಟೆಯ ಗುಂಪಿಗೇ. ಏಕೆಂದರೆ ದಿನಗಳ ಲೆಕ್ಕದಲ್ಲಿ ಅವರು ಹಿಂದೆ ಬಿದ್ದವರಂತೆ ಕಂಡರು. ಭಾನುವಾರ ಒಂದೇ ದಿನ ಐದು ಗಂಟೆ ಕೂರುವುದಕ್ಕಿಂತ ದಿನವೂ ಮುಕ್ಕಾಲು ಗಂಟೆ ಕೂರುವುದು ಮೇಲು.

ನಡುವಿನ ರಾತ್ರಿಗಳೂ ವ್ಯರ್ಥವಲ್ಲ. ಬೆರಳುಗಳಿಂದ ಒಂದು ಸರಣಿಯನ್ನು ಒತ್ತುವ ಕೆಲಸದಲ್ಲಿ ಒಂದು ರಾತ್ರಿಯ ನಿದ್ರೆಯ ಬಳಿಕ ವೇಗ ಸುಮಾರು ಶೇ 20ರಷ್ಟು ಹೆಚ್ಚಿದ್ದನ್ನು ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಆ ಏರಿಕೆಯಲ್ಲಿ ದಣಿವು ನೀಗಿದ್ದರ ಪಾಲೆಷ್ಟು, ನಿದ್ರೆಯ ಪಾಲೆಷ್ಟು ಎಂಬ ಚರ್ಚೆ ಆಮೇಲೆ ನಡೆದಿದೆಯಾದರೂ, ನಿದ್ದೆಗೆಟ್ಟು ಅಭ್ಯಾಸ ಮಾಡುವುದಕ್ಕೆ ಯಾವ ಸಮರ್ಥನೆಯೂ ಸಿಕ್ಕಿಲ್ಲ.

ಹಂತ 4: ಬೆರೆಸಿ ಮಾಡಿ

ಎಲ್ಲಕ್ಕಿಂತ ಹೆಚ್ಚು ಪ್ರತಿರೋಧ ಎದುರಾಗುವುದು ಈ ಹಂತದಲ್ಲಿ. ಮೂರು ಹೊಡೆತಗಳನ್ನು ಕಲಿಯಬೇಕಿದ್ದರೆ ಮೊದಲನೆಯದನ್ನು ಇಪ್ಪತ್ತು ಬಾರಿ, ಆಮೇಲೆ ಎರಡನೆಯದನ್ನು ಇಪ್ಪತ್ತು ಬಾರಿ, ಆಮೇಲೆ ಮೂರನೆಯದನ್ನು ಎಂದು ಸಾಲಾಗಿ ಮಾಡುವುದೇ ಎಲ್ಲರಿಗೂ ಸಹಜವೆನಿಸುತ್ತದೆ. 1979ರಲ್ಲಿ ಶೀ ಮತ್ತು ಮಾರ್ಗನ್ ಕೈಯ ಮೂರು ಬಗೆಯ ಚಲನೆಗಳನ್ನು ಒಂದು ಗುಂಪಿಗೆ ಹೀಗೆ ಸಾಲಾಗಿಯೂ, ಇನ್ನೊಂದು ಗುಂಪಿಗೆ ಕ್ರಮವಿಲ್ಲದೆ ಬೆರೆಸಿಯೂ ಕಲಿಸಿದರು. ಇಬ್ಬರಿಗೂ ಒಟ್ಟು 54 ಪ್ರಯತ್ನಗಳು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಕಲಿತವರು ಮುಂದಿದ್ದರು. ಹತ್ತು ದಿನಗಳ ಬಳಿಕ ಪರೀಕ್ಷಿಸಿದಾಗ ಬೆರೆಸಿ ಕಲಿತವರು ಮುಂದಿದ್ದರು.

ಇದಕ್ಕೆ ಕೊಡಲಾಗುವ ವಿವರಣೆ ಸರಳವಾಗಿದೆ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವಾಗ ಮೊದಲ ಬಾರಿ ಹಾಕಿದ ಯೋಜನೆಯೇ ಉಳಿದ ಹತ್ತೊಂಬತ್ತು ಬಾರಿಗೂ ಸಾಲುತ್ತದೆ, ಮಿದುಳಿಗೆ ಹೊಸ ಕೆಲಸವಿರುವುದಿಲ್ಲ. ಚಲನೆ ಬದಲಾಗುತ್ತಿದ್ದರೆ ಪ್ರತಿ ಬಾರಿಯೂ ಯೋಜನೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ, ಒಂದು ಚಲನೆ ಇನ್ನೊಂದಕ್ಕಿಂತ ಹೇಗೆ ಭಿನ್ನ ಎಂಬುದೂ ಸ್ಪಷ್ಟವಾಗುತ್ತದೆ. ಆಟದಲ್ಲೂ ಸಂಗೀತ ಕಛೇರಿಯಲ್ಲೂ ನಿಜವಾಗಿ ಬೇಕಾಗುವುದು ಈ ಕಟ್ಟುವ ಸಾಮರ್ಥ್ಯವೇ, ಏಕೆಂದರೆ ಎದುರಾಳಿಯು ಒಂದೇ ಬಗೆಯ ಚೆಂಡನ್ನು ಇಪ್ಪತ್ತು ಬಾರಿ ಹಾಕಿಕೊಡುವುದಿಲ್ಲ.

ಕಲಿಯುವವರಿಗೆ ಮಾತ್ರ ಇದು ಅನುಭವಕ್ಕೆ ಬರುವುದಿಲ್ಲ. ಡೊಮಿನಿಕ್ ಸೈಮನ್ ಮತ್ತು ರಾಬರ್ಟ್ ಬ್ಯೋರ್ಕ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಳೆ ಎಷ್ಟು ಚೆನ್ನಾಗಿ ಮಾಡಬಲ್ಲಿರಿ ಎಂದು ಕೇಳಿದಾಗ ಸಾಲಾಗಿ ಕಲಿತವರು ತಮ್ಮ ಬಗ್ಗೆ ಅತಿಯಾದ ಅಂದಾಜು ಕೊಟ್ಟರು. ನನ್ನ ದೃಷ್ಟಿಯಲ್ಲಿ ಈ ಲೇಖನದ ಓದುಗರು ಒಂದನ್ನೇ ಅಳವಡಿಸಿಕೊಳ್ಳುವುದಾದರೆ ಅದು ಈ ಬೆರಕೆಯಾಗಿರಬೇಕು. ತೀರ ಹೊಸಬರು ಮೊದಲ ಕೆಲವು ದಿನ ಸಾಲಾಗಿ ಮಾಡಿ, ಒರಟು ರೂಪ ಬಂದ ಕೂಡಲೇ ಬೆರೆಸತೊಡಗಬಹುದು.

ಒಂದೇ ಕೌಶಲದ ಒಳಗೂ ವೈವಿಧ್ಯ ಬೇಕು. 1978ರಲ್ಲಿ ಕೆರ್ ಮತ್ತು ಬೂತ್ ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಪುಟ್ಟ ಚೀಲವನ್ನು ಗುರಿಗೆ ಎಸೆಯಲು ಕಲಿಸಿದರು. ಮೂರು ಅಡಿ ದೂರದಿಂದಲೇ ಅಭ್ಯಾಸ ಮಾಡಿದವರಿಗಿಂತ ಎರಡು ಅಡಿ ಮತ್ತು ನಾಲ್ಕು ಅಡಿಗಳಿಂದ ಅಭ್ಯಾಸ ಮಾಡಿದವರು ಮೂರು ಅಡಿಯ ಪರೀಕ್ಷೆಯಲ್ಲೇ ಹೆಚ್ಚು ನಿಖರವಾಗಿ ಎಸೆದರು! ಪಳಗಿದ ಕೈ ಒಂದೇ ಚಲನೆಯ ಪಡಿಯಚ್ಚನ್ನು ಒತ್ತುತ್ತಿರುತ್ತದೆ ಎಂಬ ತಿಳಿವಳಿಕೆಯನ್ನು ಅದಕ್ಕೂ ಮೊದಲೇ, 1920ರ ದಶಕದಲ್ಲಿ, ಮಾಸ್ಕೋದ ನಿಕೊಲಾಯ್ ಬರ್ನ್‌ಸ್ಟೈನ್ ಅಲುಗಾಡಿಸಿದ್ದರು. ನುರಿತ ಕೆಲಸಗಾರರ ಸುತ್ತಿಗೆ ಹೊಡೆತಗಳನ್ನು ಚಿತ್ರೀಕರಿಸಿ ನೋಡಿದಾಗ ಸುತ್ತಿಗೆಯ ತುದಿ ಪ್ರತಿ ಬಾರಿಯೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬೀಳುತ್ತಿತ್ತು, ಭುಜ ಮೊಣಕೈ ಮಣಿಕಟ್ಟುಗಳು ಮಾತ್ರ ಪ್ರತಿ ಬಾರಿಯೂ ತುಸು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತಿದ್ದವು.

ಹಂತ 5: ತಿದ್ದುವ ಮಾತು ಮಿತವಾಗಿರಲಿ

ಪ್ರತಿ ಪ್ರಯತ್ನದ ಬೆನ್ನಿಗೇ ತಪ್ಪು ಒಪ್ಪುಗಳನ್ನು ಹೇಳುತ್ತಿದ್ದರೆ ಕಲಿಯುವವರು ಆ ಮಾತಿಗೆ ಒರಗಿಕೊಳ್ಳುತ್ತಾರೆ, ತಮ್ಮ ಕೈಯ ಅನುಭವವನ್ನು ಓದುವುದನ್ನು ಬಿಡುತ್ತಾರೆ. ಎಲ್ಲ ಪ್ರಯತ್ನಗಳಿಗೂ ಫಲಿತಾಂಶ ತಿಳಿದವರಿಗಿಂತ ಅರ್ಧದಷ್ಟಕ್ಕೆ ಮಾತ್ರ, ಅದೂ ಮೊದಲು ಹೆಚ್ಚಾಗಿ ಬರಬರುತ್ತಾ ಕಡಿಮೆಯಾಗಿ, ತಿಳಿದವರು ಮರುದಿನದ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದ್ದನ್ನು ವಿನ್‌ಸ್ಟೀನ್ ಮತ್ತು ಶ್ಮಿಟ್ 1990ರಲ್ಲಿ ತೋರಿಸಿದರು. ಆದ್ದರಿಂದ ಗುರು ಒಂದು ಕ್ಷಣ ತಡೆದು ‘ಈಗಿನದು ಹೇಗಿತ್ತು ಅನ್ನಿಸಿತು?’ ಎಂದು ಮೊದಲು ಕೇಳಲಿ. ಒಬ್ಬರೇ ಅಭ್ಯಾಸ ಮಾಡುವವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೂ, ಅದನ್ನು ನೋಡುವ ಮುನ್ನ ತಮ್ಮ ಅಂದಾಜನ್ನು ಹೇಳಿಕೊಳ್ಳಲಿ.

ಹಂತ 6: ಗಮನವನ್ನು ಚಲನೆಯ ಪರಿಣಾಮದ ಮೇಲಿಡಿ

ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಸ್ಕೀ ಸಿಮ್ಯುಲೇಟರ್ (ಹಿಮದ ಮೇಲೆ ಜಾರುವ ಚಲನೆಯನ್ನು ಅನುಕರಿಸುವ ಯಂತ್ರ) ಮೇಲೆ ನಡೆಸಿದ ಪ್ರಯೋಗದಲ್ಲಿ ತಮ್ಮ ಪಾದಗಳ ಮೇಲೆ ಗಮನವಿಟ್ಟವರಿಗಿಂತ ಪಾದದಡಿಯ ಯಂತ್ರದ ಚಕ್ರಗಳ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ‘ಮಣಿಕಟ್ಟನ್ನು ತಿರುಗಿಸು’ ಎನ್ನುವುದಕ್ಕಿಂತ ‘ಚೆಂಡು ಆ ಮೂಲೆಗೆ ಹೋಗಲಿ’ ಎನ್ನುವುದು ಬಹಳಷ್ಟು ಸಂದರ್ಭಗಳಲ್ಲಿ ಫಲಿಸುತ್ತದೆ. ಪಳಗಿದವರಿಗಂತೂ ಅಂಗಾಂಗಗಳ ಮೇಲಿನ ನಿಗಾ ಹಾನಿಯನ್ನೇ ಮಾಡಬಹುದು: ನುರಿತ ಫುಟ್‌ಬಾಲ್ ಆಟಗಾರರು ತಮ್ಮ ಪಾದವನ್ನೇ ಗಮನಿಸುತ್ತಾ ಚೆಂಡನ್ನು ಒಯ್ದಾಗ ಅವರ ಆಟ ಕುಗ್ಗಿದ್ದನ್ನು ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಕಂಡರು. ಹೊಸಬರಿಗೆ ಅದೇ ನಿಗಾ ನೆರವಾಗಿತ್ತು ಎಂಬುದೂ ಆ ಅಧ್ಯಯನದಲ್ಲಿದೆ, ಹಾಗಾಗಿ ಈ ಸೂತ್ರವನ್ನು ಕಲಿಯುವವರ ಘಟ್ಟ ನೋಡಿ ಬಳಸಬೇಕು.

ಪ್ರಗತಿ ನಿಂತಂತೆ ಕಂಡಾಗ

ಆರಂಭದ ಏರಿಕೆ ಚುರುಕಾಗಿರುತ್ತದೆ, ಆಮೇಲಿನ ಪ್ರತಿ ಹೆಜ್ಜೆಗೂ ಮೊದಲಿಗಿಂತ ಹೆಚ್ಚು ಅಭ್ಯಾಸ ಬೇಕಾಗುತ್ತದೆ. ತಂತಿ ಸಂದೇಶ ಕಲಿಯುವವರನ್ನು 1890ರ ದಶಕದಲ್ಲಿ ಅಭ್ಯಸಿಸಿದ ಬ್ರಯನ್ ಮತ್ತು ಹಾರ್ಟರ್, ಸಂದೇಶ ಗ್ರಹಿಸುವ ವೇಗ ಒಂದು ಮಟ್ಟದಲ್ಲಿ ವಾರಗಟ್ಟಲೆ ನಿಂತು ಮತ್ತೆ ಏರಿದ್ದನ್ನು ದಾಖಲಿಸಿದರು. ಬಿಡಿ ಅಕ್ಷರಗಳನ್ನು ಕೇಳುತ್ತಿದ್ದವರು ಪದಗಳನ್ನು ಇಡಿಯಾಗಿ ಕೇಳತೊಡಗುವ ಸಿದ್ಧತೆ ಆ ಅವಧಿಯಲ್ಲಿ ನಡೆಯುತ್ತದೆ ಎಂಬುದು ಅವರ ವಾದವಾಗಿತ್ತು. ನಿಂತ ಮಟ್ಟದಲ್ಲೇ ಗಂಟೆಗಳನ್ನು ಕೂಡಿಸುವುದಕ್ಕಿಂತ, ಎಲ್ಲಿ ತಡೆಯುತ್ತಿದೆ ಎಂಬುದನ್ನು ಹುಡುಕಿ ಆ ಒಂದು ಭಾಗವನ್ನು ಕಷ್ಟಗೊಳಿಸಿ ಮಾಡುವುದು ಮೇಲು: ಟೈಪಿಂಗಿನಲ್ಲಾದರೆ ತಪ್ಪುವ ಅಕ್ಷರಜೋಡಿಗಳನ್ನು, ವಾದ್ಯದಲ್ಲಾದರೆ ಮುಗ್ಗರಿಸುವ ಎರಡು ಸ್ವರಗಳ ನಡುವಿನ ಸ್ಥಾನಪಲ್ಲಟವನ್ನು.

ಬಿಡುವು ಕೊಟ್ಟ ಬಳಿಕ ಎಷ್ಟು ಉಳಿದಿರುತ್ತದೆ ಎಂಬುದು ಕೌಶಲದ ಬಗೆಯನ್ನು ಅವಲಂಬಿಸಿದೆ. ಸೈಕಲ್ ಸವಾರಿ, ಈಜಿನಂಥ ನಿರಂತರ ಚಲನೆಗಳು ವರ್ಷಗಳ ಬಳಿಕವೂ ಸ್ವಲ್ಪ ಹೊತ್ತಿನಲ್ಲೇ ಮರಳುತ್ತವೆ. ಅನುಕ್ರಮವನ್ನು ನೆನಪಿಟ್ಟುಕೊಂಡು ಮಾಡಬೇಕಾದ ಬಿಡಿ ಕ್ರಿಯೆಗಳ ಸರಣಿಗಳು ಬೇಗ ಮಾಸುತ್ತವೆ. ಹೃದಯ ಸ್ತಂಭನವಾದವರ ಎದೆ ಒತ್ತಿ ಉಸಿರು ಕೊಡುವ ಪ್ರಥಮ ಚಿಕಿತ್ಸೆ ಇದಕ್ಕೆ ಎದ್ದು ಕಾಣುವ ನಿದರ್ಶನ, ಏಕೆಂದರೆ ತರಬೇತಿ ಪಡೆದವರಲ್ಲೂ ಅದು ಕೆಲವೇ ತಿಂಗಳುಗಳಲ್ಲಿ ಕುಂದುತ್ತದೆ. ಇಂಥವನ್ನು ಕಲಿತವರು ವರ್ಷಕ್ಕೊಮ್ಮೆ ದಿನವಿಡೀ ಕೂರುವ ಬದಲು ಎರಡು ಮೂರು ತಿಂಗಳಿಗೊಮ್ಮೆ ಕೆಲವು ನಿಮಿಷ ಮಾಡಿ ನೋಡುವಂತೆ ದಿನಾಂಕಗಳನ್ನು ಈಗಲೇ ಗುರುತು ಹಾಕಿಕೊಳ್ಳಬೇಕು. ಪ್ರತಿ ಬಾರಿಯೂ ಟಿಪ್ಪಣಿ ನೋಡದೆ ಮೊದಲು ಮಾಡಿ, ಆಮೇಲೆ ಟಿಪ್ಪಣಿಯೊಂದಿಗೆ ಹೋಲಿಸಿಕೊಳ್ಳಬೇಕು.