ಮಲೆನಾಡಿನ ಮನೆಯಲ್ಲಿ ಒಂದೇ ಮೈಕಿನಿಂದ ಒಂಟಿ ವಾದ್ಯದ ರೆಕಾರ್ಡಿಂಗ್

ವೀಣೆ, ಕೊಳಲು, ಪಿಟೀಲು, ಮೃದಂಗ ಯಾವುದೇ ಇರಲಿ, ವಾದ್ಯ ಎದುರಿಗೇ ನುಡಿದಂತೆ ಕೇಳಬೇಕಾದರೆ ಮೊದಲು ನೋಡಬೇಕಾದ್ದು ಕೋಣೆ, ಆಮೇಲೆ ಮೈಕ್ ಇಡುವ ಜಾಗ. ಮೈಕಿನ ಬೆಲೆ ಮೂರನೆಯ ಮಾತು. ದುಬಾರಿ ಮೈಕ್ ತಂದು ಬರಿಗೋಡೆಯ ಕೋಣೆಯಲ್ಲಿಟ್ಟರೆ ಅದು ಕೋಣೆಯ ದೋಷವನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ.

ಬೇಕಾದ ಸಾಮಾನು ಕಡಿಮೆ. ಆಡಿಯೋ ಟೆಕ್ನಿಕಾ ಎಟಿ 2020 ತರದ ಒಂದು ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಕಂಡೆನ್ಸರ್ ಮೈಕ್, ಮೈಕಿಗೆ ಕೇಬಲಿನಲ್ಲೇ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್ ಪವರ್) ಕೊಟ್ಟು ಅದರ ಸದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್, ಮೂರು ಮೀಟರ್ ಎಕ್ಸ್‌ಎಲ್‌ಆರ್ ಕೇಬಲ್, ಬೂಮ್ (ಅಡ್ಡ ತೋಳು) ಇರುವ ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ಸಿಗುವ ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿ ಸಾಕು. ಸ್ಟ್ಯಾಂಡ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬೂಮ್ ಮೆಲ್ಲಗೆ ಜಗ್ಗಿ ಮೈಕ್ ನಾಲ್ಕು ಬೆರಳು ಇಳಿದರೂ ರಾಗದ ಮೊದಲರ್ಧದ ನಾದ ಒಂದು, ಕೊನೆಯರ್ಧದ್ದು ಇನ್ನೊಂದು ಆಗುತ್ತದೆ.

ಕೋಣೆ ಹೇಗಿದೆ ಎಂದು ತಿಳಿಯಲು ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಳೆಯ ಹಂಚಿನ ಮನೆಯ ನಡುಮನೆಯಲ್ಲಿ ಸದ್ದು ಬೇಗ ಅಡಗುತ್ತದೆ. ಮಾಡು ಇಳಿಜಾರಾಗಿರುವುದರಿಂದ ಅದಕ್ಕೂ ನೆಲಕ್ಕೂ ನಡುವೆ ಸದ್ದು ಚೆಂಡಿನಂತೆ ಪುಟಿಯುವುದಿಲ್ಲ. ಆರ್‌ಸಿಸಿ ಮನೆಯ ಚೌಕ ಕೋಣೆಯಲ್ಲಿ ‘ಟ್ರ್‌ರ್’ ಎಂಬ ಬಾಲ ಕೇಳಿಸುತ್ತದೆ. ಅದಕ್ಕೆ ಮದ್ದು ಕಂಬಳಿ ಅಥವಾ ದಪ್ಪ ಕೌದಿ. ಗೋಡೆಗೆ ಅಂಟಿಸದೆ, ಹಗ್ಗ ಕಟ್ಟಿ, ಗೋಡೆಯಿಂದ 10 ಸೆಂ.ಮೀ. ಬಿಟ್ಟು ತೂಗುಹಾಕಿ. ಹಿಂದೆ ಗಾಳಿ ಇದ್ದಾಗ ಇನ್ನೂ ತಗ್ಗಿನ ಸ್ವರಗಳನ್ನೂ ಅದು ಹೀರುತ್ತದೆ. ಒಂದು ವಾದಕರ ಬೆನ್ನ ಹಿಂದೆ, ಒಂದು ಮೈಕಿನ ಹಿಂದೆ, ನೆಲಕ್ಕೊಂದು ಜಮಖಾನ, ಅಷ್ಟೇ. ನಾಲ್ಕೂ ಗೋಡೆಗೆ ಬಟ್ಟೆ ಮುಚ್ಚಿದರೆ ಮೇಲಿನ ಸ್ವರ ಸತ್ತು ತಗ್ಗಿನ ಗುಂಯ್ ಮಾತ್ರ ಉಳಿಯುತ್ತದೆ. ಮೂಲೆಯಲ್ಲಿ ಅಡಿಕೆ ಚೀಲ ಪೇರಿಸಿದ್ದರೆ ಇರಲಿ ಬಿಡಿ. ಅದರ ಏರುತಗ್ಗಿನ ಮೈ ಸದ್ದನ್ನು ಚದುರಿಸುತ್ತದೆ. ಕೋಣೆಯ ನಟ್ಟನಡುವೆಯಾಗಲಿ ಗೋಡೆಗೆ ಒತ್ತಿಯಾಗಲಿ ಕೂರಬೇಡಿ. ಮೂರನೇ ಒಂದು ಭಾಗದಷ್ಟು ಒಳಗೆ, ಉದ್ದನೆಯ ಕಡೆಗೆ ಮುಖಮಾಡಿ ಕೂತರೆ ಒಳ್ಳೆಯದು.

ಹೊತ್ತು ನೋಡಿಕೊಳ್ಳುವುದು ನಮ್ಮ ಕಡೆ ಅರ್ಧ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಯೋಚನೆಯೇ ಬೇಡ. ಮಳೆಯ ಸದ್ದು ಎಲ್ಲ ಸ್ವರಸ್ಥಾನಗಳಲ್ಲೂ ಹರಡಿರುವುದರಿಂದ ಅದನ್ನು ತೆಗೆಯಹೋದರೆ ವಾದ್ಯವೂ ಸವೆಯುತ್ತದೆ. ಮುಸ್ಸಂಜೆಯ ಜೀರುಂಡೆ ಇನ್ನೂ ಕಷ್ಟ. ಅದು ಕೂಗುವುದು ಕೊಳಲಿನ ಉಸಿರು, ಪಿಟೀಲಿನ ಕಮಾನಿನ ಹೊಳಪು ಇರುವ ಜಾಗದಲ್ಲೇ. ಕೊಯ್ಲಿನ ಕಾಲದಲ್ಲಿ ಪಕ್ಕದ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಯಾವಾಗ ನಿಲ್ಲುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಕರೆಂಟು ಹೋದರೆ ಬೇಸರ ಬೇಡ. ಫ್ರಿಜ್, ಪಂಪು, ಫ್ಯಾನು ಎಲ್ಲ ಸುಮ್ಮನಾಗುವ ಹೊತ್ತದು. ಇಂಟರ್‌ಫೇಸ್‌ಗೆ ಲ್ಯಾಪ್‌ಟಾಪ್‌ನ ಬ್ಯಾಟರಿಯೇ ಸಾಲುತ್ತದೆ, ಚಾರ್ಜರ್ ಕಿತ್ತಿದ್ದರೆ ವೈರಿಂಗಿನಿಂದ ಬರುವ 50 ಹರ್ಟ್ಸ್ ಗುಂಯ್ ಕೂಡ ಎಷ್ಟೋ ಸಲ ಮಾಯವಾಗುತ್ತದೆ. ಮನೆಯ ಇನ್ವರ್ಟರ್ ಮಾತ್ರ ಆಫ್ ಮಾಡಿರಬೇಕು.

ಇಂಟರ್‌ಫೇಸಿನ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಗುಂಡಿ) ಪೂರ್ತಿ ಇಳಿಸಿ, ಕೇಬಲ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಹಾಕಿ. ಆಡಾಸಿಟಿಯಲ್ಲಿ ರೆಕಾರ್ಡಿಂಗ್ ಗುಣಮಟ್ಟಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಆರಿಸಿ. ಅತಿ ಜೋರಾಗಿ ನುಡಿಸುವ ಭಾಗವನ್ನು ನುಡಿಸಿಸಿ, ಮೀಟರಿನ ತುದಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಷ್ಟು ಮಾತ್ರ ಗೇನ್ ಏರಿಸಿ. ನಿಜವಾದ ಹುರುಪಿನಲ್ಲಿ ಕೈ ಇನ್ನೂ ಜೋರಾಗುತ್ತದೆ, ಅದಕ್ಕೆ ಜಾಗ ಬೇಕು. ಸೊನ್ನೆ ಮುಟ್ಟಿ ಒಡೆದ ಸದ್ದನ್ನು ಆಮೇಲೆ ಸರಿಮಾಡಲಾಗದು.

ಮೈಕಿನ ಜಾಗವನ್ನು ಕಿವಿಯಿಂದ ಹುಡುಕಬೇಕು. ಒಂದು ಕಿವಿ ಮುಚ್ಚಿ, ಇನ್ನೊಂದನ್ನು ವಾದ್ಯದ ಕಡೆ ತಿರುಗಿಸಿ, ಬಗ್ಗಿ, ಕೂತು, ಸುತ್ತ ಓಡಾಡಿ. ನಾದ ತುಂಬಿ ಬಂದ ಜಾಗದಲ್ಲಿ ಮೈಕ್ ನಿಲ್ಲಿಸಿ. ಆಮೇಲೆ 30, 60, 90 ಸೆಂ.ಮೀ. ದೂರದಲ್ಲಿ ಅದೇ ಸಂಚಾರವನ್ನು ಅರ್ಧರ್ಧ ನಿಮಿಷ ಹಿಡಿಯಿರಿ. ದೂರ ಇಮ್ಮಡಿಯಾದಾಗ ವಾದ್ಯದ ನೇರ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಅನುರಣನ ಹಾಗೇ ಉಳಿಯುತ್ತದೆ. ಮೂರನ್ನೂ ಒಂದೇ ಜೋರಿಗೆ ತಂದ ಮೇಲೆಯೇ ಹೋಲಿಸಿ, ಯಾಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ವೀಣೆಗೆ ಮೈಕನ್ನು ಕೊಡಕ್ಕೆ ತಗುಲುವಷ್ಟು ಹತ್ತಿರ ಇಡುವುದೇ ದೊಡ್ಡ ತಪ್ಪು. 15 ಸೆಂ.ಮೀ.ಗಿಂತ ಹತ್ತಿರವಾದರೆ ಕಾರ್ಡಿಯಾಯ್ಡ್ ಮೈಕ್ ತಗ್ಗಿನ ಸ್ವರಗಳನ್ನು ಉಬ್ಬಿಸುತ್ತದೆ, ಮೀಟಿನ ‘ಟಿಕ್’ ನಾದಕ್ಕಿಂತ ಮುಂದೆ ಬಂದು ಕೂರುತ್ತದೆ. ಕೊಡದಿಂದ 50–60 ಸೆಂ.ಮೀ. ಮುಂದೆ, ತಂತಿಗಳಿಗಿಂತ ಸ್ವಲ್ಪ ಎತ್ತರದಲ್ಲಿಟ್ಟು, ತಂತಿಗಳನ್ನು ಹೊರುವ ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವೆ ಗುರಿ ಹಿಡಿಯಿರಿ. ತಂತಿ ಎಳೆದಾಗಿನ ಗಮಕದ ಎಳೆ ಮಸುಕಾಗಿದ್ದರೆ ದಂಡಿಯ ಕಡೆಗೆ ನಾಲ್ಕು ಬೆರಳು ಸರಿಸಿ. ವೀಣೆಯ ನಾದ ಮೆಲುವಾದ್ದರಿಂದ ಗೇನ್ ಹೆಚ್ಚು ಬೇಕು. ಸೀರೆಯ ಸರಸರ, ಬಳೆಯ ಕಿಣಿಕಿಣಿ ಎಲ್ಲ ಕೇಳುತ್ತದೆ. ಬಳೆ ತೆಗೆದಿಟ್ಟು, ಹತ್ತಿ ಬಟ್ಟೆ ಉಟ್ಟು ಕೂರುವುದು ಲೇಸು.

ಕೊಳಲಿನ ನಾದ ಊದುವ ರಂಧ್ರದಿಂದಲೂ ತೆರೆದ ಬೆರಳ ರಂಧ್ರಗಳಿಂದಲೂ ಬರುತ್ತದೆ. ಹಾಗಾಗಿ ಬಾಯಿಗೆ ನೇರ ಇಡದೆ, 40–50 ಸೆಂ.ಮೀ. ದೂರದಲ್ಲಿ ಹಣೆಯ ಎತ್ತರದಿಂದ ಕೊಳಲಿನ ನಡುಭಾಗಕ್ಕೆ ಇಳಿಮುಖವಾಗಿಡಿ. ಉಸಿರು ಮೈಕಿನ ಕೆಳಗೆ ಹಾದುಹೋಗುತ್ತದೆ. ಪಿಟೀಲಿಗೆ 70–90 ಸೆಂ.ಮೀ. ಮೇಲಿನಿಂದ, ಹತ್ತಿರವಾದರೆ ಕಮಾನಿಗೆ ಹಚ್ಚುವ ರೋಸಿನ್ನಿನ ಕರಕರ ಜಾಸ್ತಿ. ಮೃದಂಗಕ್ಕೆ ಎದುರಿನಿಂದ ಅಷ್ಟೇ ದೂರ, ಎಡಗಡೆಯ ಗುಂಕಿ (ತಗ್ಗಿನ ನಾದ) ಮುಂದಾದರೆ ಮೈಕನ್ನು ವಾದಕರ ಬಲಗೈ ಕಡೆಗೆ ಸರಿಸಿ. ತೇವದಲ್ಲಿ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಪ್ರತಿ ಟೇಕಿಗೂ ಮುಂಚೆ ನೋಡಿಕೊಳ್ಳಿ. ಸ್ಟ್ಯಾಂಡಿನ ಕಾಲ ಕೆಳಗೆ ಮಡಿಸಿದ ಕಂಬಳಿ ಹಾಕಿದರೆ ನೆಲದ ಮೂಲಕ ಬರುವ ಕಾಲತಾಳ ಮೈಕಿಗೆ ಹತ್ತುವುದಿಲ್ಲ.

ಎಲೆಕ್ಟ್ರಾನಿಕ್ ತಂಬೂರಿಯನ್ನು ಕೋಣೆಯಲ್ಲಿ ನುಡಿಸಬೇಡಿ. ವಾದಕರ ಒಂದು ಕಿವಿಗೆ ಹೆಡ್‌ಫೋನಿನಲ್ಲಿ ಕೊಟ್ಟು, ಬೇರೆ ಟ್ರ್ಯಾಕಿನಲ್ಲಿ ಇಟ್ಟುಕೊಳ್ಳಿ. ವಾದ್ಯದ ಜತೆ ಒಮ್ಮೆ ಬೆರೆತ ತಂಬೂರಿಯನ್ನು ತಗ್ಗಿಸಲು ಬರುವುದಿಲ್ಲ. ಪ್ರತಿ ಟೇಕಿನ ಕೊನೆಗೆ ತಂತಿಯ ನಾದ ಪೂರ್ತಿ ಆರುವವರೆಗೆ ಕೈ ಎತ್ತದೆ ಕೂತಿರಿ, ಜತೆಗೆ ಹತ್ತು ಸೆಕೆಂಡ್ ಬರೀ ಕೋಣೆಯ ಮೌನವನ್ನೂ ಹಿಡಿಯಿರಿ. ಎರಡು ಟೇಕ್ ಜೋಡಿಸುವಾಗ ಆ ಮೌನವೇ ಬೆಸುಗೆ.

ಆಮೇಲಿನ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು. ಕೊಳಲಿಗೆ 120 ಹರ್ಟ್ಸ್‌ನ, ಪಿಟೀಲಿಗೆ 80ರ ಕೆಳಗಿನದ್ದನ್ನು ಕತ್ತರಿಸಬಹುದು. ವೀಣೆಗೆ ಕತ್ತರಿಯ ಗಡಿ 50ಕ್ಕಿಂತ ಮೇಲೇರಿದರೆ ಅತಿ ತಗ್ಗಿನ ಅನುಮಂದ್ರದ ತಂತಿ ಬಡವಾಗುತ್ತದೆ, ಮೃದಂಗಕ್ಕೆ ಕತ್ತರಿಯೇ ಬೇಡ. ಮೆಲುದನಿಗೂ ಗಟ್ಟಿದನಿಗೂ ಇರುವ ಅಂತರ ಕುಗ್ಗಿಸುವ ಕಂಪ್ರೆಸರ್ ಮುಟ್ಟಬೇಡಿ, ಆ ಅಂತರವೇ ಮನೋಧರ್ಮದ ಜೀವ. ಮೂಲವನ್ನು ವೇವ್ ಫೈಲ್ ಆಗಿ ಎರಡು ಕಡೆ ಇಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದೇ ಕಳಿಸಿ.

ಮಳೆಗಾಲದಲ್ಲಿ ಮೈಕ್ ‘ಚಟಪಟ’ ಎಂದರೆ ಕೆಟ್ಟಿತೆಂದು ಎಸೆಯಬೇಡಿ. ಕಂಡೆನ್ಸರಿನ ಒಳಗೆ ತೇವ ಸೇರಿದಾಗ ಹಾಗಾಗುತ್ತದೆ, ಒಣಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿಸಿಲಿಗಾಗಲಿ ಒಲೆಯ ಮೇಲಿನ ಅಟ್ಟದಲ್ಲಾಗಲಿ ಒಣಗಿಸಬೇಡಿ, ಹೊಗೆ ಮತ್ತು ಮಸಿ ಒಳಗಿನ ತೆಳುಪೊರೆಗೆ ಅಂಟುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಹಾಕಿ ಎರಡು ದಿನ ಮುಚ್ಚಿಡಿ. ಬಣ್ಣದ ಸಿಲಿಕಾ ಜೆಲ್ ಆದರೆ ತೇವ ತುಂಬಿದಾಗ ಬಣ್ಣ ಬದಲಿಸುತ್ತದೆ. ಆಗ ಅದನ್ನು ಡಬ್ಬಿಯಿಂದ ತೆಗೆದು, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಮೊದಲಿನ ಬಣ್ಣ ಬಂದು ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.